ಮಡ್ಡಿಯ ತೋಳ, ಕಬ್ಬಿನ ಚಿರತೆ

ವಿಜಯಪುರ ಜಿಲ್ಲೆಯ ಒಟ್ಟು ಭೂಮಿಯಲ್ಲಿ ಅರಣ್ಯವೆಂದು ದಾಖಲೆಯಲ್ಲಿರುವುದು ಶೇ. 1ರಷ್ಟೂ ಇಲ್ಲ. ಕಾಡುಪ್ರಾಣಿಗಳ ಹಾವಳಿಯ ಮಾತು ಬಂದಾಗಲೆಲ್ಲ ನಾಡಿನ ಗಮನ ಕೊಡಗು, ಹಾಸನ, ಚಾಮರಾಜನಗರದ ಕಡೆ ಹೋಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಗಿಡವೇ ಇಲ್ಲದ ಬಯಲಿನಲ್ಲಿ ಎಂಥ ಕಾಡುಪ್ರಾಣಿ ಎಂದು ಕೇಳುವವರೇ ಹೆಚ್ಚು. ವರ್ಷದ ಬಹುಪಾಲು ದಿನ ಹಿಂಡಿನ ಜೊತೆ ಹೊರಗೇ ಮಲಗುವ ಕುರಿಗಾರನನ್ನು ಕೇಳಿದರೆ ಉತ್ತರ ಬೇರೆ. ಅವನಿಗೆ ತೋಳ ಗೊತ್ತು, ಕಿರುಬ ಗೊತ್ತು, ಈಚಿನ ವರ್ಷಗಳಲ್ಲಿ ಚಿರತೆಯೂ ಗೊತ್ತಾಗಿದೆ. ಒಂದೊಂದರ ಬಗ್ಗೆ ಅವನ ಮನಸ್ಸು ಒಂದೊಂದು ಥರ. ಸರಕಾರಿ ಕಾಗದದಲ್ಲಿ ಮಾತ್ರ ಇವೆಲ್ಲ ಸೇರಿ ವನ್ಯಪ್ರಾಣಿ ದಾಳಿ ಎಂಬ ಒಂದೇ ಸಾಲಾಗುತ್ತವೆ. ಈ ಬೇರೆ ಬೇರೆ ಮನಸ್ಸುಗಳನ್ನು ಅರಿಯದೆ ಮಾಡಿದ ಯಾವ ಯೋಜನೆಯೂ ಕುರಿ ಹಟ್ಟಿಯ ತನಕ ಬಂದು ಮುಟ್ಟುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನೆಲದ ಮಾತು. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಇಂಡಿ, ಸಿಂದಗಿ ಭೀಮೆಯ ಮಗ್ಗುಲಿಗೆ. ಬಾಗೇವಾಡಿ, ಮುದ್ದೇಬಿಹಾಳ ಕೃಷ್ಣೆಯ ಮಗ್ಗುಲಿಗೆ. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಈಗ ಬೇರೆ ತಾಲೂಕುಗಳಾಗಿವೆ. ಹಿಂಡುಗಳ ದಾರಿ ಬದಲಾಗಿಲ್ಲವಾದ್ದರಿಂದ ಹಳೆಯ ನಾಲ್ಕು ತಾಲೂಕುಗಳ ಲೆಕ್ಕದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ತಗ್ಗಿನಲ್ಲಿ ಎರಿ ಎಂಬ ಕಪ್ಪು ನೆಲ, ಏರಿನಲ್ಲಿ ಮಡ್ಡಿ ಎಂಬ ಕಲ್ಲುನೆಲ. ಎರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ತೊಗರಿ. ಮಡ್ಡಿಯಲ್ಲಿ ಕಲ್ಲು, ಜಾಲಿ, ಬಾರಿಗಿಡ, ಮಳೆಯಾದರೆ ಒಂದಿಷ್ಟು ಹುಲ್ಲು. ಮಳೆಗಾಲದಲ್ಲಿ ಎರಿ ಕಾಲಿಗೆ ಮೆತ್ತುತ್ತದೆ, ಕುರಿಯ ಗೊರಸಿನ ಸಂದು ಕೊಳೆಯುತ್ತದೆ. ಆಗ ಹಿಂಡು ಮಡ್ಡಿಗೆ ಏರಲೇಬೇಕು. ಹಿಂಗಾರಿಯ ಸುಗ್ಗಿ ಮುಗಿದ ಮೇಲೆ ಎರಿಗಿಳಿದು ಕೂಳೆ, ಉದುರಿದ ಎಲೆ ಮೇಯಬೇಕು. ಬೇಸಿಗೆಗೆ ಹೊಳೆದಂಡೆ, ಕಾಲುವೆ ಬದು. ಹೊಲದ ಧಣಿ ತನ್ನ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಗೊಬ್ಬರ ಪಡೆಯುತ್ತಾನೆ, ಕುರಿಗಾರನಿಗೆ ಕಾಳು ಇಲ್ಲವೆ ರೊಕ್ಕ ಕೊಡುತ್ತಾನೆ. ಈ ಕೊಡುಕೊಳ್ಳುವಿಕೆಯ ಮೇಲೆ ಶತಮಾನಗಳ ಕಾಲ ಹಾಲುಮತದ ಕುರುಬರ ಬದುಕು ನಡೆದಿದೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ 1.11 ಕೋಟಿ; ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮದೇ ಹೆಚ್ಚು. ಆ ಸಂಪತ್ತಿನ ದೊಡ್ಡ ಪಾಲು ಇಂಥ ಒಣ ಬಯಲಿನದು.

ತೋಳದ ವರ್ಷವೂ ಇದೇ ನೆಲಕ್ಕೆ ಹೊಂದಿಕೊಂಡದ್ದು. ನಮ್ಮ ತೋಳ ದಟ್ಟಡವಿಯ ಪ್ರಾಣಿಯೇ ಅಲ್ಲ. ಹುಲ್ಲುಬಯಲು, ಕುರುಚಲು, ಹಳ್ಳದ ಕೊರಕಲು ಅದರ ಮನೆ. ಚಳಿಗಾಲದ ಆಸುಪಾಸಿನಲ್ಲಿ ಮಡ್ಡಿಯ ಬಿಲದಲ್ಲೋ ಕಲ್ಲು ಸಂದಿಯಲ್ಲೋ ಮರಿ ಹಾಕುತ್ತದೆ. ಅನೇಕ ಹಿಂಡುಗಳಲ್ಲಿ ಕುರಿ ಈಯುವ ಕಾಲವೂ ಅದೇ. ಚಿಗರಿ ಇದ್ದ ಕಡೆ ಚಿಗರಿಯನ್ನು, ಇಲ್ಲದ ಕಡೆ ಮೊಲ, ಇಲಿ, ಸತ್ತ ದನವನ್ನು, ಎಲ್ಲ ಕಡೆ ಕುರಿ–ಆಡನ್ನು ನಂಬಿ ಅದು ಬದುಕುತ್ತದೆ. ಇಂಡಿಯ ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಹುಲ್ಲುಗಾವಲಿನಲ್ಲಿ ಸತೀಶ್ ಕುಮಾರ್ ಮತ್ತು ಅಸದ್ ರಹಮಾನಿ ನಡೆಸಿದ ಅಧ್ಯಯನಗಳು ಈ ಸಂಬಂಧವನ್ನು ದಾಖಲಿಸಿದವು. ಇಡೀ ಭಾರತದಲ್ಲಿ ಈ ತೋಳಗಳು ಉಳಿದಿರುವುದು ಸುಮಾರು 3,000 ಎಂಬ ಅಂದಾಜಿದೆ. ದೇಶದ ಹುಲಿಗಳಿಗಿಂತಲೂ ಇವು ಕಡಿಮೆ ಎಂದರೆ ಪೇಟೆಯವರು ನಂಬುವುದಿಲ್ಲ.

ಕುರಿಗಾರ ತೋಳವನ್ನು ಹೇಗೆ ಕಾಣುತ್ತಾನೆ ಎಂಬುದು ಅವನ ಮಾತಿಗಿಂತ ಅವನ ರಾತ್ರಿಯಲ್ಲಿ ಹೆಚ್ಚು ತಿಳಿಯುತ್ತದೆ. ರಾಶಿಯಾದ ಹೊಲದಲ್ಲಿ ಗೂಟ ನೆಟ್ಟು ಸುತ್ತಲೂ ಬಲೆ ಕಟ್ಟಿರುತ್ತಾರೆ. ಎದೆಮಟ್ಟಕ್ಕೂ ಬಾರದ ಬಲೆ. ಒಳಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿರುತ್ತವೆ. ಎಳೆ ಮರಿಗಳಿಗೆ ಬೇರೆ ಸಣ್ಣ ಬಲೆ, ತೀರಾ ಹಸಿ ಮರಿಗಳು ಬಿದಿರು ಬುಟ್ಟಿಯ ಅಡಿಯಲ್ಲಿ. ಸಾಮಾನು ಹೊರುವ ಕುದುರೆ ಒಂದು ಬದಿಗೆ. ಗಂಡಸರು ಒಂದೇ ಕಡೆ ಮಲಗುವುದಿಲ್ಲ. ಮೂಲೆಗೊಬ್ಬರಂತೆ ಕಂಬಳಿ ಹಾಸಿ, ಬಡಿಗೆ, ಬ್ಯಾಟರಿ ಪಕ್ಕಕ್ಕಿಟ್ಟು ಒರಗುತ್ತಾರೆ. ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ, ತೋಳ ಗಂಟಲು ಹಿಡಿಯದಿರಲೆಂದು. ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ, ಹಳ್ಳ ಯಾವ ಬದಿಗಿದೆ ಎಂಬುದನ್ನು ನೋಡಿಯೇ ಹಟ್ಟಿಯ ಜಾಗ ಗೊತ್ತುಮಾಡುವುದು. ನಾಯಿ ಬೊಗಳುವ ದನಿಯಲ್ಲೇ ಬಂದದ್ದು ಮನುಷ್ಯನೋ ನರಿಯೋ ತೋಳವೋ ಎಂದು ತಿಳಿಯುತ್ತಾರೆ. ತೋಳದ ಆಟವನ್ನು ಅವರು ವಿವರಿಸುವಾಗ ಸಿಟ್ಟಿನ ಜೊತೆ ಮೆಚ್ಚುಗೆಯೂ ಇರುತ್ತದೆ: ಒಂದು ತೋಳ ಬೇಕೆಂದೇ ಕಾಣಿಸಿಕೊಂಡು ನಾಯಿಗಳನ್ನು ಒಂದು ದಿಕ್ಕಿಗೆ ಎಳೆಯುತ್ತದೆ, ಇನ್ನೊಂದು ಆಚೆ ಬದಿಯಿಂದ ಬಂದು ಮರಿ ಕಚ್ಚಿ ನಡೆಯುತ್ತದೆ. ಅದರ ಬುದ್ಧಿಗೆ ಇವರ ಬುದ್ಧಿ. ಈ ಬಲೆ, ಈ ನಾಯಿ, ಮೂಲೆಮೂಲೆಯ ನಿದ್ದೆ, ಎಲ್ಲವೂ ತೋಳವನ್ನು ಕಂಡು ಕಲಿತ ವಿದ್ಯೆ. ಹೀಗೆ ಬಲ್ಲ ವೈರಿಯ ಜೊತೆ ಹೆಣಗುವುದು ಅವರಿಗೆ ಕಷ್ಟವಾದರೂ ಹೊಸದಲ್ಲ.

ಮರಿ ಹೋದ ಮರುದಿನ ಬಯ್ಯುತ್ತಾರೆ, ನಾಯಿಗೂ ಒಂದೇಟು ಬೀಳುತ್ತದೆ. ನಾಲ್ಕು ದಿನದ ಮೇಲೆ ಕೇಳಿದರೆ, "ಅದಕೂ ಹೊಟ್ಟಿ ಅದ, ಅದರ ಪಾಲು ಅದು ಒಯ್ತು" ಎಂಬ ಮಾತು ಬರುತ್ತದೆ. ಗಡಿಯಾಚೆಯ ಧನಗರ ಕುರಿಗಾರರ ನಡುವೆ ಕೆಲಸ ಮಾಡಿದ ಸಂಶೋಧಕರೂ ಈ ಪಾಲಿನ ಮಾತನ್ನು ಕೇಳಿದ್ದಾರೆ. ಇದಕ್ಕೆ ಒಂದು ಹಿನ್ನೆಲೆ ಇದೆ. ಹಾಲುಮತದ ಮೂಲಕಥೆಯಲ್ಲಿ ಉಂಡಾಡು ಪದ್ಮಣ್ಣನ ನೇಗಿಲಿಗೆ ಹುತ್ತ ಒಡೆದು ಕುರಿಗಳು ಹೊರಬರುತ್ತವೆ. ಅವನ್ನು ಕಾಯುವ ಹೊಣೆ ಅವನಿಗೆ ಬೀಳುತ್ತದೆ. ಕುರಿ ಇಲ್ಲಿ ಕೊಂಡು ತಂದ ಆಸ್ತಿಯಲ್ಲ, ದೇವರು ಒಪ್ಪಿಸಿದ ಜೀವ. ಹಾಲುಮತದ ಸಿದ್ಧಪುರುಷರ ನೆಲೆಗಳೂ ಈ ಸುತ್ತಲಿನವೇ: ಮುದ್ದೇಬಿಹಾಳ ತಾಲೂಕಿನ ಸರೂರು ರೇವಣಸಿದ್ಧನ ನೆಲೆ. ವಿಜಯಪುರದ ಹತ್ತಿರ ಅರಕೇರಿಯಲ್ಲಿ ಅಮೋಘಸಿದ್ಧ. ಗಡಿಯಾಚೆ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ಮಾಳಿಂಗರಾಯ, ಅಲ್ಲಿ ದೀಪಾವಳಿಗೆ ಪಲ್ಲಕ್ಕಿಗಳು ಕೂಡುವಾಗ ಈ ನಾಲ್ಕೂ ತಾಲೂಕುಗಳ ಕುರುಬರು ನೆರೆಯುತ್ತಾರೆ. ಬೀರಪ್ಪನ ಗುಡಿಯ ಮುಂದೆ ಡೊಳ್ಳಿನ ಹಾಡಿಕೆ ಕೇಳುತ್ತ ಬೆಳೆದವನಿಗೆ ಅಡವಿ ಎಂದರೆ ತಾನೊಬ್ಬನೇ ಉಣ್ಣುವ ಜಾಗ ಎಂದು ಅನಿಸುವುದಿಲ್ಲ.

ಆದರೆ ಭಕ್ತಿಯೊಂದರಿಂದಲೇ ತೋಳ ಉಳಿದಿದೆ ಎಂದು ಬರೆಯುವವರನ್ನು ಕಂಡರೆ ನನಗೆ ಕಸಿವಿಸಿಯಾಗುತ್ತದೆ. ಬಿಲಕ್ಕೆ ಹೊಗೆ ಹಾಕಿ, ಬಾಯಿಗೆ ಕಲ್ಲು ಮುಚ್ಚಿ ಮರಿಗಳನ್ನು ಕೊಂದದ್ದು ಈ ದಖ್ಖನ್ ಬಯಲಿನ ಇತಿಹಾಸದಲ್ಲಿ ಉಂಟು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಬ್ರಿಟಿಷ್ ಸರಕಾರವಂತೂ ತೋಳದ ತಲೆಗೆ ಇನಾಮು ಕಟ್ಟಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಕೊಡುವ ಲೆಕ್ಕದಂತೆ 1875ರಿಂದ 1925ರ ವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ ಕೊಲ್ಲಲಾದ ತೋಳಗಳು 2 ಲಕ್ಷ. ಅದೇ ಅವಧಿಯಲ್ಲಿ ಸತ್ತ ಹುಲಿಗಳು 80 ಸಾವಿರ. ಕೃಷಿ ವಿಸ್ತರಿಸಬೇಕು, ಕಂದಾಯ ಹೆಚ್ಚಬೇಕು ಎಂಬ ಆಡಳಿತಕ್ಕೆ ತೋಳ ಒಂದು ಪಿಡುಗು ಮಾತ್ರವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದೇ ಪ್ರಾಣಿ ಮೊದಲ ಪರಿಚ್ಛೇದದಲ್ಲಿ ಹುಲಿಯ ಸಮಕ್ಕೆ ಕೂತಿತು. ಒಂದು ಕಾಲಕ್ಕೆ ಕೊಂದರೆ ಇನಾಮು, ಇನ್ನೊಂದು ಕಾಲಕ್ಕೆ ಕೊಂದರೆ ಜೈಲು. ಎರಡೂ ತೀರ್ಮಾನ ಮಾಡುವಾಗ ಕುರಿಗಾರನನ್ನು ಯಾರೂ ಕೇಳಲಿಲ್ಲ. ಅವನ ಸಹನೆಗೆ ಆಧಾರ ದೇವರೂ ಹೌದು, ಲೆಕ್ಕವೂ ಹೌದು. ನೂರು ಕುರಿಯ ಹಿಂಡಿನಲ್ಲಿ ವರ್ಷಕ್ಕೆ ಎರಡು ಮರಿ ಹೋದರೆ ಪಾಲು ಎನ್ನಬಹುದು. ಒಂದೇ ರಾತ್ರಿ ಇಪ್ಪತ್ತು ಹೋದರೆ ಯಾವ ಕಥೆಯೂ ಸಮಾಧಾನ ಹೇಳದು.

ಮಕ್ಕಳ ಭಯವನ್ನೂ ಇಲ್ಲಿ ಹೇಳಬೇಕು. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳು ಮಕ್ಕಳನ್ನು ಕೊಂದ ಸುದ್ದಿ ಟಿ.ವಿ., ಮೊಬೈಲುಗಳಲ್ಲಿ ದೇಶವೆಲ್ಲ ಹಬ್ಬಿತು. ಕುರಿಗಾರರ ಮಕ್ಕಳೂ ಬಯಲಲ್ಲೇ ಮಲಗುವವರು. ಹುಚ್ಚು ಹಿಡಿದ ತೋಳದ ಮಾತು ಬೇರೆ, ಉಳಿದಂತೆ ಅದು ಮನುಷ್ಯನನ್ನು ಕಂಡರೆ ಸರಿಯುತ್ತದೆ ಎಂಬುದು ಹಳಬರ ಅನುಭವ. ಹಿಂಡಿನ ಜೊತೆ ತಿರುಗದೆ ಊರಲ್ಲೇ ಬೆಳೆದ ಹೊಸ ತಲೆಮಾರಿಗೆ ಆ ಅನುಭವ ಇಲ್ಲ, ಕೈಯಲ್ಲಿ ವಿಡಿಯೊ ಇದೆ. ಕುರಿ ಕಾಯುವ ವಿದ್ಯೆ ಕಳೆದುಹೋದಂತೆ ತೋಳದ ಭಯ ಹೆಚ್ಚುತ್ತದೆ.

ಇನ್ನು ಚಿರತೆ. ಇದು ಇಲ್ಲಿನ ಹೊಸ ಅಧ್ಯಾಯ, ನೀರಿನ ಜೊತೆ ಬಂದದ್ದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದರು. ದಶಕಗಳ ಮೇಲೆ ಜಲಾಶಯ ತುಂಬಿತು, ನಾರಾಯಣಪುರದ ಎಡದಂಡೆಯಿಂದ ಇಂಡಿ ಶಾಖಾ ಕಾಲುವೆ ಹರಿಯಿತು, ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು ಬಂದವು. ಬರದ ಜಿಲ್ಲೆಗೆ ನೀರು ಬಂದದ್ದು ದೊಡ್ಡ ಪುಣ್ಯ. ಗುಳೆ ಹೋಗಿ ಬೇಸತ್ತ ಜನಕ್ಕೆ ಅದರ ಬೆಲೆ ಗೊತ್ತು. ಇಂಡಿಯ ಲಿಂಬೆ ಭೌಗೋಳಿಕ ಮಾನ್ಯತೆ ಪಡೆದು ಹೆಸರಾಯಿತು. ಭೀಮೆಯ ದಂಡೆಗೂ ಕೃಷ್ಣೆಯ ದಂಡೆಗೂ ಕಬ್ಬು ಹಬ್ಬಿತು. ಆಳೆತ್ತರದ ಕಬ್ಬು, ಪಕ್ಕದಲ್ಲಿ ನೀರು, ಊರಲ್ಲಿ ನಾಯಿ, ಹೊಲದಲ್ಲಿ ಹಂದಿ: ಚಿರತೆಗೆ ಇದಕ್ಕಿಂತ ಹೆಚ್ಚೇನು ಬೇಕು? ಮಹಾರಾಷ್ಟ್ರದ ಅಕೋಲೆಯಲ್ಲಿ ಕಾಡಿಲ್ಲದ ಕಬ್ಬಿನ ನಾಡಿನಲ್ಲೇ ಚಿರತೆಗಳು ಹುಟ್ಟಿ, ಬೆಳೆದು, ಸಂಸಾರ ಹೂಡುವುದನ್ನು ವಿದ್ಯಾ ಅತ್ರೇಯ ಮತ್ತು ಅವರ ತಂಡ ತೋರಿಸಿತು. ನಮ್ಮಲ್ಲಿ ಆಗುತ್ತಿರುವುದೂ ಅದೇ ದಿಕ್ಕಿನದು.

ತೋಳದ ಮಾತಿಗೆ ಇರುವ ಸಲುಗೆ ಚಿರತೆಯ ಮಾತಿಗೆ ಇಲ್ಲ. ಕುರಿಗಾರನ ಸಲಕರಣೆಗಳೆಲ್ಲ ಅದರ ಮುಂದೆ ಸೋಲುತ್ತವೆ. ಎದೆಮಟ್ಟದ ಬಲೆಯನ್ನು ಅದು ಹಾರಿ ದಾಟುತ್ತದೆ. ತೋಳವನ್ನು ಅಟ್ಟುವ ನಾಯಿಯೇ ಅದಕ್ಕೆ ತುತ್ತು. ಸದ್ದಿಲ್ಲ, ಸುಳಿವಿಲ್ಲ, ಬಯಲಿನಲ್ಲಿ ದೂರದಿಂದ ಕಾಣುವುದೂ ಇಲ್ಲ. ಹಟ್ಟಿಯೊಳಗೆ ಬಿದ್ದರೆ ಕುರಿಗಳು ಕಂಗೆಟ್ಟು ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುತ್ತವೆ. ಚಿರತೆ ತಿಂದದ್ದು ಒಂದಾದರೆ ಸತ್ತದ್ದು ಹತ್ತು. ಹಾಗಾಗಿ ತೋಳದ ಬಗ್ಗೆ ಪಾಲಿನ ಮಾತಾಡುವವರೇ ಚಿರತೆ ಎಂದೊಡನೆ ಬೋನು ತರಿಸಿ ಎನ್ನುತ್ತಾರೆ. ಅವರ ಒತ್ತಾಯ ನನಗೆ ಅರ್ಥವಾಗುತ್ತದೆ. ಆದರೆ ಹಿಡಿದು ದೂರ ಬಿಡುವುದು ಪರಿಹಾರವಲ್ಲ. ಪುಣೆ ಜಿಲ್ಲೆಯ ಜುನ್ನರದಲ್ಲಿ ಹಾಗೆ ಮಾಡಿದ ಮೇಲೆ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದ್ದನ್ನು ಅತ್ರೇಯ ಅವರ ಅಧ್ಯಯನವೇ ಹೇಳುತ್ತದೆ. ಖಾಲಿಯಾದ ಜಾಗಕ್ಕೆ ಬೇರೊಂದು ಬರುತ್ತದೆ, ಬಿಟ್ಟ ಕಡೆ ಹೊಸ ರಗಳೆ ಶುರುವಾಗುತ್ತದೆ. ಬೋನು ಊರಿನವರ ಭಯವನ್ನು ನಾಲ್ಕು ದಿನ ತಗ್ಗಿಸಬಹುದು, ಹಟ್ಟಿಯನ್ನು ಕಾಯುವುದಿಲ್ಲ.

ಕತ್ತೆಕಿರುಬದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಬಹುಮಟ್ಟಿಗೆ ಸತ್ತದ್ದನ್ನು ತಿನ್ನುವ ಪ್ರಾಣಿ, ಒಮ್ಮೊಮ್ಮೆ ಮರಿ ಒಯ್ಯುವುದುಂಟು. ಅದರ ಬಗ್ಗೆ ದ್ವೇಷಕ್ಕಿಂತ ಅಸಹ್ಯ, ಹೆದರಿಕೆ ಹೆಚ್ಚು.

ಇಷ್ಟೆಲ್ಲ ಹೇಳಿದ ಮೇಲೆ ಕುರಿಗಾರನ ಹಿಂಡನ್ನು ನಿಜಕ್ಕೂ ಕರಗಿಸುವುದು ಯಾವುದು ಎಂಬ ಪ್ರಶ್ನೆಗೆ ಬರಬೇಕು. ಕರುಳುಬೇನೆ, ಪಿಪಿಆರ್, ನೀಲಿನಾಲಿಗೆ ರೋಗ, ಕುರಿ ಸಿಡುಬು. ಮಳೆಗಾಲದ ಒಂದು ಸಿಡಿಲು. ಹೆದ್ದಾರಿ ದಾಟುವಾಗ ಹಿಂಡಿನ ಮೇಲೆ ಹರಿಯುವ ಲಾರಿ. ರಾತ್ರಿ ಗಾಡಿ ತಂದು ಟಗರು ತುಂಬಿಕೊಂಡು ಹೋಗುವ ಕಳ್ಳರು. ಬಂದೂಕಿನ ಲೈಸೆನ್ಸು ಬೇಕು ಎಂದು ಕುರಿಗಾರರು ಕೇಳುತ್ತಿರುವುದು ಮುಖ್ಯವಾಗಿ ಈ ಕಳ್ಳರ ಭಯಕ್ಕೆ. ಇವೆಲ್ಲಕ್ಕಿಂತ ಸದ್ದಿಲ್ಲದೆ ಬೆಳೆದ ಕಂಟಕವೆಂದರೆ ಬೀದಿನಾಯಿ. ಊರ ಹೊರಗಿನ ಕಸದ ಗುಂಡಿ, ಕೋಳಿ ಅಂಗಡಿಯ ತ್ಯಾಜ್ಯ ತಿಂದು ಕೊಬ್ಬಿದ ನಾಯಿಗಳು ಗುಂಪು ಕಟ್ಟಿ ದೊಡ್ಡಿಗೆ ನುಗ್ಗಿ ಒಂದೇ ಹೊತ್ತಿಗೆ ಹತ್ತಾರು ಕುರಿಗಳನ್ನು ಹರಿದು ಹಾಕಿದ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ತೋಳ ಹಸಿವಿಗೆ ಬರುತ್ತದೆ, ಹಿಡಿದದ್ದನ್ನು ಒಯ್ದು ತಿನ್ನುತ್ತದೆ. ಈ ನಾಯಿಗಳು ಕೊಂದು ಬಿಟ್ಟು ಹೋಗುತ್ತವೆ. ನಾಯಿ ವನ್ಯಪ್ರಾಣಿಯಲ್ಲವಾದ್ದರಿಂದ ಅರಣ್ಯ ಇಲಾಖೆಯ ಪರಿಹಾರವೂ ಸಿಗದು. ಎಷ್ಟೋ ಸಲ ನಾಯಿ ಮಾಡಿದ ಪಾಪ ತೋಳದ ತಲೆಗೆ ಬರುತ್ತದೆ.

ತೋಳಕ್ಕೂ ಇದೇ ನಾಯಿಗಳು ಕಂಟಕ. ಹುಚ್ಚುರೋಗ, ಡಿಸ್ಟೆಂಪರ್ ನಾಯಿಯಿಂದ ತೋಳಕ್ಕೆ ದಾಟುತ್ತವೆ. ಪುಣೆಯ ಬಳಿ ತೋಳ–ನಾಯಿಗಳ ಬೆರಕೆ ಮರಿಗಳು ಹುಟ್ಟಿರುವುದು 2023ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನದಿಂದ ದೃಢಪಟ್ಟಿತು. ಬೆರಕೆ ಪ್ರಾಣಿಗೆ ಮನುಷ್ಯನ ಅಂಜಿಕೆ ಕಡಿಮೆಯಾದರೆ ಹಳೆಯ ಕುರಿಗಾರನ ವಿದ್ಯೆಗೂ ಅದು ಒಗ್ಗದು.

ಪರಿಹಾರದ ವಿಷಯದಲ್ಲಿ ಸರಕಾರ ಏನೂ ಮಾಡಿಲ್ಲ ಎನ್ನಲಾಗದು. ಆಕಸ್ಮಿಕವಾಗಿ ಸತ್ತ ಕುರಿ, ಆಡಿಗೆ ಅನುಗ್ರಹ ಯೋಜನೆಯಲ್ಲಿ 5,000 ರೂಪಾಯಿ ಸಿಗುತ್ತಿತ್ತು. 2025–26ರ ಬಜೆಟ್‌ನಲ್ಲಿ ಅದನ್ನು 7,500ಕ್ಕೆ ಏರಿಸಲಾಯಿತು. ಅಮೀನಗಡದ ಕುರಿ ಸಂತೆಯಲ್ಲಿ ಯಳಗ ತಳಿಯ ಒಂದು ಒಳ್ಳೆಯ ಟಗರಿನ ಬೆಲೆ ಇದಕ್ಕಿಂತ ಎಷ್ಟೋ ಹೆಚ್ಚು, ಆದರೂ ಇದು ಆಸರೆಯೇ. ತೊಡಕಿರುವುದು ಮೊತ್ತಕ್ಕಿಂತ ದಾರಿಯಲ್ಲಿ. ಪರಿಹಾರಕ್ಕೆ ಸತ್ತ ಪ್ರಾಣಿಯ ಕಳೇಬರ ಬೇಕು, ಪಶುವೈದ್ಯರ ಪರೀಕ್ಷೆ ಬೇಕು, ಪಂಚನಾಮೆ ಬೇಕು. ತೋಳ ಮರಿಯನ್ನು ಇಡಿಯಾಗಿ ಒಯ್ಯುತ್ತದೆ. ಉಳಿಯುವುದು ನೆಲದ ಮೇಲೆ ನಾಲ್ಕು ಹನಿ ರಕ್ತ, ಒಂದಿಷ್ಟು ಉಣ್ಣೆ. ಬಾಗೇವಾಡಿಯ ಕುರಿಗಾರ ಸಿಂದಗಿಯ ಹೊಲದಲ್ಲಿ ಹಟ್ಟಿ ಹಾಕಿದ್ದಾಗ ಮರಿ ಹೋದರೆ ಅವನು ಯಾವ ಕಚೇರಿಗೆ ಹೋಗಬೇಕು? ಹೋದರೆ ಹಿಂಡು ಯಾರು ನೋಡಬೇಕು? ಮರುದಿನ ಹಿಂಡು ಮುಂದಿನ ಹೊಲಕ್ಕೆ ಹೋಗಲೇಬೇಕು, ಮಾತು ಕೊಟ್ಟಾಗಿರುತ್ತದೆ. ಕುರಿ ಪಾಲಿಗೆ ಹಿಡಿದವನ ಪಾಡು ಇನ್ನೂ ಕಷ್ಟ: ಕುರಿ ಇನ್ನೊಬ್ಬರದು, ನಷ್ಟದ ಉತ್ತರ ಇವನು ಕೊಡಬೇಕು. ಹೀಗಾಗಿ ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿ ಇಲ್ಲದ ಮೇಲೆ ಇಲಾಖೆಯ ಪುಸ್ತಕದಲ್ಲಿ ತೋಳದ ಹಾವಳಿ ಇಲ್ಲ, ಹಾವಳಿ ಇಲ್ಲದ ಮೇಲೆ ತೋಳವೂ ಇಲ್ಲ ಎಂದಾಗುತ್ತದೆ. ಒಂದು ಪ್ರಾಣಿಯೂ ಒಂದು ಸಮುದಾಯವೂ ಒಟ್ಟಿಗೇ ಲೆಕ್ಕದಿಂದ ಬಿದ್ದುಹೋಗುವುದು ಹೀಗೆ.

ಕರ್ನಾಟಕ ತೋಳಕ್ಕೆಂದೇ ಜಾಗ ಮಾಡಿಕೊಟ್ಟಿಲ್ಲವೆಂದಲ್ಲ. 1974ರಲ್ಲಿ ಮೇಲುಕೋಟೆಯ ವನ್ಯಧಾಮ ಆದದ್ದೇ ತೋಳದ ರಕ್ಷಣೆಗೆ. ಈಚೆಗೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರಿನ ತೋಳಧಾಮ ಆಯಿತು, 2025ರಲ್ಲಿ ಅಲ್ಲಿ ಮರಿಗಳು ಹುಟ್ಟಿದ ಸುದ್ದಿಯೂ ಬಂತು. ಇದು ಸಂತೋಷದ ಸಂಗತಿ. ಆದರೆ ಲೆಕ್ಕ ನೋಡಿ: 332 ಹೆಕ್ಟೇರ್ ಎಂದರೆ ಸುಮಾರು ಮೂರೂ ಕಾಲು ಚದರ ಕಿ.ಮೀ. ಒಂದು ತೋಳದ ಗುಂಪು ತಿರುಗಾಡುವುದು ನೂರಾರು ಚದರ ಕಿ.ಮೀ. ಧಾಮದೊಳಗೆ ಅದು ಮರಿ ಹಾಕಬಹುದು, ಹಗಲು ಮಲಗಬಹುದು. ಉಣ್ಣಬೇಕಾದದ್ದು ಹೊರಗೆ, ಕುರಿಗಾರರ ನೆಲದಲ್ಲಿ. ಹೊರಗಿನ ಕುರಿಗಾರ ಒಪ್ಪದೆ ಒಳಗಿನ ಧಾಮ ಬದುಕಲಾರದು. ವಿಜಯಪುರದಲ್ಲಿ ಅಷ್ಟು ಧಾಮವೂ ಇಲ್ಲ; ಇಲ್ಲಿ ತೋಳ ಇರುವುದೆಲ್ಲ ಕುರಿಗಾರರ ಸೈರಣೆಯ ಮೇಲೆಯೇ.

ಬೇರೆ ಕಡೆ ಏನಾಗಿದೆ ನೋಡೋಣ. ಹಿಮಾಚಲದ ಸ್ಪಿತಿಯ ಕಿಬ್ಬರ್ ಊರಿನಲ್ಲಿ ಹಿಮಚಿರತೆಯಿಂದ ಸಾಯುವ ಜಾನುವಾರುಗಳಿಗೆ ಊರವರೇ ನಡೆಸುವ ವಿಮೆ ಈ ಶತಮಾನದ ಆರಂಭದಲ್ಲಿ ಶುರುವಾಯಿತು. ಚಾರುದತ್ತ ಮಿಶ್ರ ಮತ್ತು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅದರ ಹಿಂದಿದ್ದರು. ಸತ್ತದ್ದು ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ಊರವರೇ, ಹಾಗಾಗಿ ಸುಳ್ಳಿಗೆ ಎಡೆ ಕಡಿಮೆ. ಲಡಾಖಿನಲ್ಲಿ ತೋಳವನ್ನು ಕೆಡವಿ ಕಲ್ಲಿನಿಂದ ಕೊಲ್ಲುವ ಹಳೆಯ ಗುಂಡಿಗಳಿದ್ದವು. 2018ರಲ್ಲಿ ಚುಶೂಲಿನ ಜನ ತಮ್ಮ ಗುಂಡಿಗಳ ಗೋಡೆ ಬಿಚ್ಚಿ, ಪಕ್ಕದಲ್ಲಿ ಸ್ತೂಪ ಕಟ್ಟಿದರು. ಆ ಸ್ತೂಪ ಕಟ್ಟಿಸಿದ್ದು ಯಾವ ಕಾನೂನೂ ಅಲ್ಲ. ಇನ್ನೊಂದು ತುದಿಯಲ್ಲಿ ಯೂರೋಪು: ಫ್ರಾನ್ಸಿಗೆ 1992ರಲ್ಲಿ ತೋಳ ಮರಳಿತು; ನಾಯಿ, ಬೇಲಿ, ಕಾವಲಿಗೆ ಸರಕಾರ ಹಣ ಕೊಟ್ಟರೂ ಕುರಿಗಾರರ ಸಿಟ್ಟು ಆರಲಿಲ್ಲ. ಕಡೆಗೆ 2024ರ ಡಿಸೆಂಬರಿನಲ್ಲಿ ಯೂರೋಪಿನ ವನ್ಯಜೀವಿ ರಕ್ಷಣೆಯ ಬರ್ನ್ ಒಪ್ಪಂದದಡಿ ತೋಳದ ರಕ್ಷಣೆಯ ಮಟ್ಟವನ್ನೇ ಒಂದು ಮೆಟ್ಟಿಲು ಇಳಿಸಿದರು. ಫ್ರಾನ್ಸಿನಲ್ಲಿ ತೋಳ ಇಲ್ಲದೆ ಹಲವು ತಲೆಮಾರು ಕಳೆದಿದ್ದವು, ಅದರೊಡನೆ ಬಾಳುವ ವಿದ್ಯೆ ಸತ್ತುಹೋಗಿತ್ತು. ಹಣ ಕೊಟ್ಟರೂ ಆ ವಿದ್ಯೆ ಬೇಗ ಹುಟ್ಟಲಿಲ್ಲ. ನಮ್ಮಲ್ಲಿ ಅದು ಇನ್ನೂ ಜೀವಂತವಿದೆ. ನಮಗಿರುವ ದೊಡ್ಡ ಬಂಡವಾಳವೇ ಅದು. ಕಿಬ್ಬರ್ ಮಾದರಿ ಇಲ್ಲಿಗೆ ನೇರವಾಗಿ ಒಗ್ಗದು, ಏಕೆಂದರೆ ಅದು ನೆಲೆ ನಿಂತ ಊರಿನದು. ನಮಗೆ ಬೇಕಾದದ್ದು ಹಿಂಡಿನ ಜೊತೆ ನಡೆಯುವ ಪರಿಹಾರ.

ಹಾಗಾದರೆ ಈ ವಿದ್ಯೆಗೆ ಈಗ ಬಂದಿರುವ ಆಪತ್ತು ಯಾವುದು? ನೆಲ ಹೋಗುತ್ತಿರುವುದು. ದೇಶದ ಬಂಜರು ಭೂಮಿ ನಕಾಶೆಯಲ್ಲಿ ಕುರುಚಲು ಮಡ್ಡಿಗೆ ಬಂಜರು ಎಂದೇ ಹೆಸರು. ಬಂಜರೆಂದ ಮೇಲೆ ಯಾರು ಬೇಕಾದರೂ ಕೈ ಹಾಕಬಹುದು: ಗಾಳಿಯಂತ್ರ, ಸೋಲಾರ್ ಫಲಕ, ಗಣಿ, ಲೇಔಟು. ಕೂಡಗಿಯ 2,400 ಮೆಗಾವ್ಯಾಟ್ ಉಷ್ಣ ಸ್ಥಾವರ ಎದ್ದದ್ದೂ ಹಳೆಯ ಬಾಗೇವಾಡಿ ತಾಲೂಕಿನ ನೆಲದಲ್ಲೇ. ಊರ ಮೇವಿನ ಗಾಯರಾಣಗಳು ಒತ್ತುವರಿಯಾದವು. ಕಾಲುವೆಯ ಹೊಲದಲ್ಲಿ ಎರಡು–ಮೂರು ಬೆಳೆ ಬಂದ ಮೇಲೆ ಕೂಳೆ ಮೇಯಿಸಲು ಬಿಡುವೇ ಇಲ್ಲ, ಗೊಬ್ಬರಕ್ಕೆ ಕುರಿಯ ಬದಲು ಚೀಲ ಬಂತು. ಗಿಡ ನೆಡುವ ಉತ್ಸಾಹದ ಬಗ್ಗೆಯೂ ಒಂದು ಮಾತು ಹೇಳಬೇಕು. ಬಿಸಿಲ ನಾಡಿಗೆ ನೆರಳು ಬೇಕು, ಊರೊಳಗೆ, ರಸ್ತೆ ಬದಿಗೆ, ಕೆರೆ ದಂಡೆಗೆ ಎಷ್ಟು ನೆಟ್ಟರೂ ಸಾಲದು. ಆದರೆ ಮಡ್ಡಿಯ ಹುಲ್ಲಿನ ಮೇಲೆ ಗುಂಡಿ ತೋಡಿ ಗಿಡ ತುಂಬಿಸಿ, ಬೇಲಿ ಹಾಕಿ, ಕುರಿ ಬರಬಾರದು ಎಂದರೆ ಅಲ್ಲಿ ಹೋಗುವುದು ಕುರಿಗಾರನ ಮಳೆಗಾಲ, ತೋಳದ ಬಿಲ, ಚಿಗರಿಯ ಮೇವು ಮೂರೂ. ಹುಲ್ಲುಬಯಲು ಎಂದರೆ ಕಾಡಾಗಲು ಕಾದಿರುವ ಜಾಗವಲ್ಲ. ಅದಕ್ಕೆ ಅದರದೇ ಬಾಳುವೆ ಇದೆ.

ಮಡ್ಡಿ ಕಿರಿದಾದಷ್ಟೂ ಹಿಂಡು ಮತ್ತು ತೋಳ ಹೆಚ್ಚು ಹತ್ತಿರವಾಗುತ್ತವೆ. ಮೊದಲು ವಾರಕ್ಕೊಂದು ಮಡ್ಡಿ ಬದಲಿಸುತ್ತಿದ್ದ ಕುರಿಗಾರ ಈಗ ಒಂದೇ ಕಡೆ ಉಳಿದಾಗ ಮರಿ ಹೋಗುವುದೂ ಹೆಚ್ಚುತ್ತದೆ. ಅವನ ಸಿಟ್ಟು ತೋಳದ ಮೇಲೆ ತಿರುಗುತ್ತದೆ, ಏಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ. ಗಾಯರಾಣ ನುಂಗಿದವನು ಕಾಣುವುದಿಲ್ಲ, ಕಂಡರೂ ಬಡಿಗೆ ಎತ್ತುವಂತಿಲ್ಲ. ತೋಳದ ಬಗೆಗಿನ ಮನಸ್ಸು ಕೆಡುವುದು ತೋಳ ಬದಲಾದ್ದರಿಂದ ಅಲ್ಲ, ಇಬ್ಬರ ಕಾಲಡಿಯ ನೆಲ ಬದಲಾದ್ದರಿಂದ. ತೋಳ ಉಳಿಯಬೇಕೆಂದು ಬಯಸುವವರು ಮೊದಲು ಕೇಳಬೇಕಾದದ್ದು ಕುರಿಗಾರನ ದಾರಿ ಉಳಿದಿದೆಯೇ ಎಂದು.

2025ರಲ್ಲಿ ರಾಜ್ಯದ ವಿಧಾನಮಂಡಲ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯ ತಡೆಗೆಂದೇ ಒಂದು ವಿಧೇಯಕವನ್ನು ಅಂಗೀಕರಿಸಿತು. ಹಿಂಡಿನ ಜೊತೆ ತಿರುಗುವವರನ್ನು ಕಾನೂನು ಕಣ್ಣೆತ್ತಿ ನೋಡಿದ್ದೇ ಅಪರೂಪ, ಆದ್ದರಿಂದ ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಅದನ್ನು ಜಾರಿ ಮಾಡುವಾಗಲೇ ಪರಿಹಾರದ ದಾರಿಯನ್ನೂ ಸರಿಮಾಡಬಹುದು. ಕುರಿಗಾರ ನಿಂತ ಜಾಗದಿಂದಲೇ ಫೋನಿನಲ್ಲಿ ತೆಗೆದ ಚಿತ್ರ, ಹೊಲದ ಧಣಿಯ ಸಾಕ್ಷಿ, ಹತ್ತಿರದ ಪಶು ಆಸ್ಪತ್ರೆಯ ಒಂದು ಸಹಿ ಇದ್ದರೆ ಸಾಕು, ಯಾವ ತಾಲೂಕಿನವನಾದರೂ ಅಲ್ಲೇ ಅರ್ಜಿ ಕೊಡಬಹುದು ಎಂದಾಗಬೇಕು. ಕಳೇಬರ ಸಿಗದ ಮರಿಗೂ ಒಂದು ಕನಿಷ್ಠ ಮೊತ್ತ ಇರಬೇಕು. ಕಬ್ಬಿನ ಸೀಮೆಯಲ್ಲಿ ಬೇಸಿಗೆ ಕಳೆಯುವ ಹಿಂಡುಗಳಿಗೆ ಎತ್ತರದ, ಮೇಲೂ ಮುಚ್ಚುವ, ಕುದುರೆಯ ಮೇಲೆ ಹೇರಬಹುದಾದ ಹಗುರ ಬಲೆ ಕೊಡಬೇಕು. ಬೋನಿಗೆ ಮಾಡುವ ಖರ್ಚಿಗಿಂತ ಅದು ಹೆಚ್ಚು ಕುರಿ ಉಳಿಸುತ್ತದೆ. ಕುರಿಗೆ ಲಸಿಕೆ ಹಾಕಲು ಹೋದ ವೈದ್ಯರು ಹಟ್ಟಿಯ ನಾಯಿಗೂ ಹುಚ್ಚುರೋಗದ, ಡಿಸ್ಟೆಂಪರಿನ ಲಸಿಕೆ ಹಾಕಿ ಬರಲಿ. ಬೀದಿನಾಯಿ ಕೊಂದ ಕುರಿಗೆ ಯಾರು ಹೊಣೆ ಎಂಬುದನ್ನು ಪಂಚಾಯಿತಿಗಳು ಜಾರಿಕೊಳ್ಳದೆ ತೀರ್ಮಾನಿಸಲಿ.

ಇನ್ನೊಂದು ಕೆಲಸಕ್ಕೆ ಹೊಸ ಕಾನೂನೂ ಬೇಡ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದರಲ್ಲಿ ಮರ, ಬಳ್ಳಿ, ಹಕ್ಕಿಗಳ ಹೆಸರು ಬರೆಯುವಂತೆ ಯಾವ ಮಡ್ಡಿಗೆ ಯಾವ ತಿಂಗಳು ಯಾವ ಊರಿನ ಹಿಂಡು ಬರುತ್ತದೆ, ನೀರು ಎಲ್ಲಿ, ಹಟ್ಟಿ ಎಲ್ಲಿ ಎಂಬುದನ್ನೂ ಬರೆಯಬೇಕು. ಬರೆಸುವವರು ಕುರಿಗಾರರೇ ಆಗಿರಬೇಕು. ತೋಳದ ಬಿಲ ಎಲ್ಲಿದೆ ಎಂಬುದನ್ನು ಮಾತ್ರ ಅವರು ಹೇಳಬೇಕೋ ಬೇಡವೋ ಎಂದು ಅವರೇ ನಿರ್ಧರಿಸಲಿ. ಕಾಗದಕ್ಕೆ ಬಂದ ಬಿಲಕ್ಕೆ ಹೊಗೆ ಹಾಕುವವರೂ ಬರಬಹುದು. ಹೀಗೆ ದಾಖಲಾದ ಮಡ್ಡಿಯನ್ನು ಬಂಜರೆಂದು ಯಾರಿಗಾದರೂ ಕೊಡುವ ಮುನ್ನ ಗ್ರಾಮಸಭೆಯಲ್ಲಿ ಹಿಂಡಿನವರ ಮಾತನ್ನೂ ಕೇಳಬೇಕಾಗುತ್ತದೆ. ಅವರು ಸಭೆಗೆ ಬರುವಂತಾಗಲು ಆ ಸಭೆ ಹಿಂಡುಗಳು ಊರ ಹತ್ತಿರ ಇರುವ ದಿನಗಳಲ್ಲಿ, ಅಂದರೆ ದೀಪಾವಳಿಯ ಆಸುಪಾಸಿನಲ್ಲಿ ಅಥವಾ ಊರ ಜಾತ್ರೆಯ ಹೊತ್ತಿಗೆ ನಡೆಯಬೇಕು.